ಓದುವುದೋ, ಬಾಯಿಪಾಠವೋ, ಚೀಟಿಯೋ: ಸಭೆಯಲ್ಲಿ ಮಾತನಾಡುವವರ ಮುಂದಿರುವ ಆಯ್ಕೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿಯ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕುಳಿತಿದ್ದೇನೆ, ಹಳ್ಳಿಗಳ ಗ್ರಾಮಸಭೆಗಳಲ್ಲಿ ಹಿಂದಿನ ಸಾಲಿನ ಕೇಳುಗನಾಗಿಯೂ ಕುಳಿತಿದ್ದೇನೆ. ವಿಷಯ ತಿಳಿಯದೆ ಸೋತ ಭಾಷಣಕಾರರನ್ನು ನಾನು ಕಂಡದ್ದು ಕಡಿಮೆ. ಒಂದು ಸಭೆಯಲ್ಲಿ ಗೆದ್ದ ಕ್ರಮವನ್ನು ಇನ್ನೊಂದು ಸಭೆಗೆ ಹಾಗೆಯೇ ಹೊತ್ತು ತಂದು ಸೋತವರೇ ಹೆಚ್ಚು. ಸ್ಪರ್ಧೆಯಲ್ಲಿ ಪದಕ ಪಡೆದ ಹುಡುಗಿ ತನ್ನೂರಿನ ಗ್ರಾಮಸಭೆಯಲ್ಲಿ ಕುಡಿಯುವ ನೀರಿನ ಬಗ್ಗೆ ಮಾತನಾಡಲು ನಿಂತಾಗ ಜನ ಎದ್ದು ಚಹಾ ಕುಡಿಯಲು ಹೋಗಬಹುದು. ಅದೇ ಊರಿನಲ್ಲಿ ಹತ್ತು ನಿಮಿಷದಲ್ಲಿ ಸಭೆಯನ್ನೇ ತಿರುಗಿಸಬಲ್ಲ ರೈತ ಕಾಲೇಜಿನ ವೇದಿಕೆಯಲ್ಲಿ ಎರಡು ನಿಮಿಷಕ್ಕೆ ತೊದಲಬಹುದು. ಆದ್ದರಿಂದ ಯಾವ ಕ್ರಮ ಉತ್ತಮ ಎಂದು ಕೇಳುವುದಕ್ಕಿಂತ, ಎದುರಿಗೆ ಕುಳಿತವರಲ್ಲಿ ನಮ್ಮ ಮಾತಿಗೆ ಯಾವ ತಕರಾರು ಇದೆ ಎಂದು ಮೊದಲು ಕೇಳಿಕೊಳ್ಳುವುದು ಲೇಸು. ಕೆಳಗಿನ ಹೋಲಿಕೆಗಳೆಲ್ಲವನ್ನೂ ನಾನು ಆ ತಕರಾರಿನ ಅಳತೆಯಿಂದಲೇ ಮಾಡಿದ್ದೇನೆ.

ಹೋಲಿಕೆ ಗಾಳಿಯಲ್ಲಿ ತೇಲಬಾರದೆಂದು ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ನಮ್ಮ ಭಾಗದ ತೊಗರಿಗೆ ಬಂದು ಗಿಡವನ್ನೇ ಒಣಗಿಸುವ ನೆಟೆ ರೋಗವನ್ನು ರೈತರು ಬಲ್ಲರು. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಲ್ಲಿ ಮತ್ತು ಹಳೆಯ ಬೆಳೆಯ ಉಳಿಕೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ, ಅದೇ ಹೊಲದಲ್ಲಿ ಮತ್ತೆ ಮತ್ತೆ ತೊಗರಿ ಬಿತ್ತಿದರೆ ರೋಗ ಬಲಿಯುತ್ತದೆ. ರೋಗ ಕಂಡ ಹೊಲದಲ್ಲಿ ಕೆಲವು ವರ್ಷ ತೊಗರಿ ಬಿಟ್ಟು ಹಿಂಗಾರಿ ಜೋಳ ಬಿತ್ತಿರಿ ಎಂದು ಒಬ್ಬ ಯುವಕ ತನ್ನೂರಿನ ಹಿರಿಯರನ್ನು ಒಪ್ಪಿಸಬೇಕಾಗಿದೆ. ಅವನು ಏನನ್ನು ಆರಿಸಿಕೊಳ್ಳಬೇಕು?

ಮಾತನ್ನು ಸಭೆಗೆ ತರುವ ನಾಲ್ಕು ದಾರಿಗಳು

ಬರೆದದ್ದನ್ನು ಓದುವುದು, ಬರೆದದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುವುದು, ಮುಖ್ಯಾಂಶಗಳ ಚೀಟಿ ಹಿಡಿದು ಮಾತನಾಡುವುದು, ಯಾವ ಸಿದ್ಧತೆಯೂ ಇಲ್ಲದೆ ಆಶುವಾಗಿ ಮಾತನಾಡುವುದು ಎಂದು ನಾಲ್ಕು ದಾರಿಗಳಿವೆ. ಓದುವುದನ್ನು ನಮ್ಮಲ್ಲಿ ಕೀಳಾಗಿ ನೋಡುವ ರೂಢಿಯಿದೆ, ಅದು ಸರಿಯಲ್ಲ. ಒಂದೊಂದು ಪದಕ್ಕೂ ಹೊಣೆ ಹೊರಬೇಕಾದ ಕಡೆ, ಅಂದರೆ ಠರಾವು ಮಂಡಿಸುವಾಗ, ಸಂಘದ ಲೆಕ್ಕಪತ್ರ ಒಪ್ಪಿಸುವಾಗ, ಮನವಿಪತ್ರ ಓದಿ ಹೇಳುವಾಗ ಕಾಗದ ನೋಡಿಯೇ ಓದಬೇಕು. ನೆನಪಿನಿಂದ ಅಂಕಿ ಹೇಳಿ ತಪ್ಪಿದರೆ ಮುಂದಿನ ಸರಿಯಾದ ಅಂಕಿಯನ್ನೂ ಯಾರೂ ನಂಬುವುದಿಲ್ಲ. ಓದುವವರು ಒಂದು ವಿಷಯವನ್ನು ಮಾತ್ರ ಮರೆಯಬಾರದು: ಕಣ್ಣಿಗೆ ಚೆನ್ನಾಗಿ ಕಾಣುವ ವಾಕ್ಯ ಕಿವಿಗೆ ಉದ್ದವಾಗಿರುತ್ತದೆ. ಕರ್ತೃಪದ ವಾಕ್ಯದ ತಲೆಯಲ್ಲಿದ್ದು ಕ್ರಿಯಾಪದ ನಾಲ್ಕು ಸಾಲಿನ ಆಚೆ ಬಂದರೆ, ಕನ್ನಡದಲ್ಲಿ ಕೇಳುಗ ಆ ನಾಲ್ಕು ಸಾಲನ್ನೂ ಉಸಿರು ಬಿಗಿಹಿಡಿದು ಕಾಯಬೇಕಾಗುತ್ತದೆ.

ಬಾಯಿಪಾಠಕ್ಕೆ ಶಾಲೆಗಳಲ್ಲಿ ಇರುವಷ್ಟು ಮರ್ಯಾದೆಗೆ ಅದು ಯೋಗ್ಯವಲ್ಲ ಎಂಬುದು ನನ್ನ ಅಭಿಪ್ರಾಯ. ವಿದ್ಯಾರ್ಥಿಯಾಗಿದ್ದಾಗ ಬೀದರ್ ಜಿಲ್ಲೆಯ ಒಂದು ಕಾಲೇಜಿನ ಚರ್ಚಾಸ್ಪರ್ಧೆಗೆ ನಾನು ಐದು ನಿಮಿಷದ ಭಾಷಣವನ್ನು ಅಕ್ಷರ ತಪ್ಪದಂತೆ ಕಲಿತು ಹೋಗಿದ್ದೆ. ನನಗಿಂತ ಮೊದಲು ಮಾತನಾಡಿದ ಹುಡುಗ ನನ್ನ ಮೊದಲ ಎರಡು ಅಂಶಗಳನ್ನೂ ನನಗಿಂತ ಚೆನ್ನಾಗಿ ಹೇಳಿಬಿಟ್ಟ. ಅವೆರಡನ್ನು ಬಿಟ್ಟು ಮೂರನೆಯದರಿಂದ ಆರಂಭಿಸೋಣವೆಂದರೆ, ಮೂರನೆಯದು ಎರಡನೆಯದರ ಬಾಲ ಹಿಡಿದೇ ನೆನಪಿಗೆ ಬರುತ್ತಿತ್ತು. ಕೊನೆಗೆ ಅವನು ಹೇಳಿದ್ದನ್ನೇ ಮತ್ತೊಮ್ಮೆ ಒಪ್ಪಿಸಿ ಕೆಳಗಿಳಿದೆ. ಒಂದಕ್ಷರವೂ ಮರೆತಿರಲಿಲ್ಲ. ಬಾಯಿಪಾಠದ ಅಪಾಯ ಮರೆವು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಮರೆಯದಿದ್ದಾಗಲೂ ಅದು ಬಾಗುವುದಿಲ್ಲ ಎಂಬುದನ್ನು ನಾನು ಅಂದು ಕಲಿತೆ. ಎದುರಾಳಿ ಇಲ್ಲದ, ಯಾರೂ ಎದ್ದು ಪ್ರಶ್ನೆ ಕೇಳದ ಸಭೆಗೆ, ಉದಾಹರಣೆಗೆ ಬೀಳ್ಕೊಡುಗೆಗೋ ಸನ್ಮಾನಕ್ಕೋ, ಬಾಯಿಪಾಠ ಸಾಕು. ತಕರಾರು ಇರುವ ಕಡೆ ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು ವಾಕ್ಯವನ್ನು ಮಾತ್ರ ಕಂಠಸ್ಥ ಮಾಡಿಕೊಂಡು ಉಳಿದದ್ದನ್ನು ಚೀಟಿಗೆ ಬಿಡುವುದು ಒಳ್ಳೆಯದು, ಏಕೆಂದರೆ ಎದೆ ಹೆಚ್ಚು ಬಡಿದುಕೊಳ್ಳುವುದು ಆರಂಭದ ಅರ್ಧ ನಿಮಿಷದಲ್ಲಿ.

ಚೀಟಿಯ ಗುಟ್ಟು ಅದರ ಚಿಕ್ಕತನದಲ್ಲಿದೆ. ಅಂಗೈಯಗಲದ ದಪ್ಪ ಕಾಗದದಲ್ಲಿ ಆರೇಳು ಪದಗುಚ್ಛಗಳು ಸಾಕು. ಪೂರ್ಣ ವಾಕ್ಯ ಬರೆದರೆ ಕಣ್ಣು ಅದನ್ನು ಓದಲು ಇಳಿದುಬಿಡುತ್ತದೆ. ನಮ್ಮ ಯುವಕನ ಚೀಟಿಯಲ್ಲಿ ‘ಒಣಗಿದ ಗಿಡ ಸೀಳಿ ತೋರಿಸು’, ‘ಮಣ್ಣು’, ‘ಬೆಲೆ: ನಾನೇ ಎತ್ತು’, ‘ರೋಗದ ಹೊಲ ಮಾತ್ರ’, ‘ಸರ್ವೆ ನಂಬರು’ ಎಂದಿದ್ದರೆ ಸಾಕು. ಅಂಕಿ ಮತ್ತು ಹೆಸರುಗಳನ್ನು ಮಾತ್ರ ಪೂರ್ತಿಯಾಗಿ ಬರೆದುಕೊಳ್ಳಬೇಕು. ಆಶುಭಾಷಣದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನಿರೂಪಕರು ದಿಢೀರನೆ ಹೆಸರು ಕೂಗಿದಾಗ ಒಂದೇ ಅಂಶ, ಅದಕ್ಕೊಂದು ನಿದರ್ಶನ, ಅಷ್ಟು ಹೇಳಿ ಕುಳಿತುಕೊಳ್ಳುವವರನ್ನು ಜನ ನೆನಪಿಡುತ್ತಾರೆ.

ತೀರ್ಮಾನ ಮೊದಲೋ, ಸಂಕಟ ಮೊದಲೋ

ವಾದವನ್ನು ಜೋಡಿಸುವ ಎರಡು ಕ್ರಮಗಳು ಒಂದಕ್ಕೊಂದು ತಿರುವುಮುರುವು. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದ ಪಂಚಾವಯವ, ಅಂದರೆ ಐದು ಅಂಗಗಳ, ವಾಕ್ಯದಲ್ಲಿ ಸಾಧಿಸಬೇಕಾದ ತೀರ್ಮಾನವೆಂಬ ಪ್ರತಿಜ್ಞೆ ಮೊದಲು ಬರುತ್ತದೆ, ಅದರ ಹಿಂದೆ ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿ ಇದೆ, ಏಕೆಂದರೆ ಹೊಗೆ ಇದೆ, ಹೊಗೆ ಇದ್ದಲ್ಲಿ ಬೆಂಕಿ ಇರುವುದನ್ನು ಅಡುಗೆಮನೆಯಲ್ಲಿ ಕಂಡಿದ್ದೇವೆ, ಈ ಬೆಟ್ಟವೂ ಹಾಗೆಯೇ ಹೊಗೆಯಾಡುತ್ತಿದೆ, ಆದ್ದರಿಂದ ಇಲ್ಲಿ ಬೆಂಕಿ ಇದೆ. ಇದರ ಬಲವೆಲ್ಲ ಮೂರನೆಯ ಅವಯವದಲ್ಲಿದೆ. ಕೇಳುಗನ ಅಡುಗೆಮನೆಯಿಂದಲೇ ನಿದರ್ಶನ ತರಬೇಕೆಂಬ ನಿಯಮ ಅದರೊಳಗೆ ಅಡಗಿದೆ. ಇನ್ನೊಂದು ಕ್ರಮವನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಲನ್ ಮನ್ರೋ 1930ರ ದಶಕದಲ್ಲಿ ರೂಪಿಸಿದರು. ಅಲ್ಲಿ ಗಮನ ಸೆಳೆದು, ಕೊರತೆಯನ್ನು ಮನಗಾಣಿಸಿ, ಪರಿಹಾರ ಹೇಳಿ, ಒಪ್ಪಿದರೆ ಏನಾಗುತ್ತದೆಂಬ ಚಿತ್ರ ಕೊಟ್ಟು, ಕೊನೆಗೆ ಮಾಡಬೇಕಾದ ಕೆಲಸವನ್ನು ಕೇಳುತ್ತಾರೆ. ತೀರ್ಮಾನ ಅರ್ಧ ದಾರಿ ಕಳೆದ ಮೇಲೆ ಬರುತ್ತದೆ.

ತೀರ್ಪುಗಾರರು, ಅಧಿಕಾರಿಗಳು, ನ್ಯಾಯಾಲಯ, ಬ್ಯಾಂಕಿನ ವ್ಯವಸ್ಥಾಪಕರು ಇಂಥವರ ಮುಂದೆ ಪ್ರತಿಜ್ಞೆಯನ್ನು ಮೊದಲು ಇಡಬೇಕು. ಅವರಿಗೆ ಸಮಯ ಕಡಿಮೆ, ಮೇಲಾಗಿ ನಮ್ಮ ತೀರ್ಮಾನದಿಂದ ಅವರ ಮನೆಯ ಒಲೆ ಆರುವುದಿಲ್ಲ. ಆದರೆ ಮೂವತ್ತು ವರ್ಷ ತೊಗರಿಯನ್ನೇ ನಂಬಿ ಬದುಕಿದ ಹಿರಿಯರ ಮುಂದೆ ‘ತೊಗರಿ ಬಿಡಿ’ ಎಂದು ಮೊದಲ ವಾಕ್ಯದಲ್ಲೇ ಹೇಳಿದರೆ, ಎರಡನೆಯ ವಾಕ್ಯ ಯಾರ ಕಿವಿಗೂ ಬೀಳುವುದಿಲ್ಲ. ಎಲ್ಲರೂ ಮನಸ್ಸಿನಲ್ಲಿ ಉತ್ತರ ಸಿದ್ಧ ಮಾಡಿಕೊಳ್ಳುತ್ತಿರುತ್ತಾರೆ. ಅಲ್ಲಿ ರೋಗ ಬಂದ ಗಿಡವೊಂದನ್ನು ಬೇರುಸಹಿತ ತಂದು, ಕಾಂಡವನ್ನು ಉದ್ದಕ್ಕೆ ಸೀಳಿ, ಒಳಗೆ ಕಪ್ಪಾದ ಗೆರೆಯನ್ನು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಕೈಯಿಂದ ಕೈಗೆ ದಾಟಿಸಬೇಕು. ಅಷ್ಟಾದ ಮೇಲೆ ‘ಇದು ನಿಮ್ಮ ಹೊಲದಾಗೂ ಅದ ಏನ್ರಿ?’ ಎಂದು ಕೇಳಿದರೆ ಸಂಕಟವನ್ನು ಅವರೇ ಹೇಳತೊಡಗುತ್ತಾರೆ. ಬೆಳೆಯ ಮೇಲಿನ ಹೆಮ್ಮೆಯಿಂದ ಆರಂಭಿಸುವ ಆಸೆ ಅನೇಕರಿಗೆ ಇರುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದನ್ನು ಹೇಳಿದರೆ ಚಪ್ಪಾಳೆಯೂ ಬರುತ್ತದೆ. ಆದರೆ ಆ ಚಪ್ಪಾಳೆ ತೊಗರಿಗೆ, ಅದನ್ನು ಬಿಡಿ ಎನ್ನಲು ಬಂದವನ ಎದುರು ಪಕ್ಷಕ್ಕೆ.

ಎದುರು ಮಾತನ್ನು ಮುಚ್ಚಿಡುವುದೋ, ತಾನೇ ಎತ್ತುವುದೋ

ಮನವೊಲಿಕೆಯಲ್ಲಿ ಎಲ್ಲಕ್ಕಿಂತ ಕಷ್ಟದ ಆಯ್ಕೆ ಇದು, ಹೆಚ್ಚಿನವರು ತಪ್ಪುವುದೂ ಇಲ್ಲಿಯೇ. ಯುವಕ ಮಾತು ಮುಗಿಸಿದೊಡನೆ ಯಾರಾದರೂ ಎದ್ದು ಕೇಳುವುದು ಖಚಿತ: ‘ತಮ್ಮಾ, ನೀ ಹೇಳೋದು ಖರೆ ಅದ, ಆದ್ರ ಜ್ವಾಳಕ್ಕ ತೊಗರಿ ರೇಟ್ ಎಲ್ಲಿ ಅದ?’ ಆ ಹಿರಿಯರ ಮಾತಿನಲ್ಲಿ ಹುರುಳಿದೆ. 2024–25ಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್ ತೊಗರಿಗೆ 7,550 ರೂಪಾಯಿ, ಹಿಂಗಾರಿಯ ಮಾಲದಂಡಿ ಜೋಳಕ್ಕೆ 3,421 ರೂಪಾಯಿ ಇತ್ತು. ಅರ್ಧಕ್ಕಿಂತ ಕಡಿಮೆ. ಈ ಅಂಕಿಯನ್ನು ತಾನಾಗಿ ಹೇಳಬೇಕೋ, ಕೇಳಿದಾಗ ನೋಡಿಕೊಂಡರಾಯಿತೋ?

ಇದಕ್ಕೆ ಪ್ರಯೋಗದಿಂದ ಸಿಕ್ಕ ಉತ್ತರವಿದೆ. ಎರಡನೆಯ ಮಹಾಯುದ್ಧದ ಕೊನೆಯ ಹಂತದಲ್ಲಿ ಅಮೆರಿಕದ ಸೈನಿಕರಿಗೆ ಜಪಾನಿನೊಡನೆ ಯುದ್ಧ ಇನ್ನೂ ದೀರ್ಘಕಾಲ ನಡೆಯುತ್ತದೆಂದು ನಂಬಿಸಬೇಕಾಗಿತ್ತು. ಮನೋವಿಜ್ಞಾನಿ ಕಾರ್ಲ್ ಹಾವ್‌ಲ್ಯಾಂಡ್ ಮತ್ತು ಜೊತೆಗಾರರು ಒಂದು ಗುಂಪಿಗೆ ಒಂದೇ ಪಕ್ಷದ ವಾದವನ್ನು, ಇನ್ನೊಂದು ಗುಂಪಿಗೆ ಎದುರು ಪಕ್ಷದ ಅಂಶಗಳನ್ನೂ ಒಳಗೊಂಡ ವಾದವನ್ನು ಕೇಳಿಸಿ ಹೋಲಿಸಿದರು. ಫಲಿತಾಂಶ 1949ರಲ್ಲಿ ಪ್ರಕಟವಾಯಿತು. ಮೊದಲೇ ಒಪ್ಪಿದ್ದವರ ಮೇಲೆ ಒಂದು ಪಕ್ಷದ ಮಾತು ಹೆಚ್ಚು ಕೆಲಸ ಮಾಡಿತ್ತು, ಮೊದಲು ಒಪ್ಪದಿದ್ದವರ ಮೇಲೆ ಎರಡೂ ಪಕ್ಷ ಹೇಳಿದ ಮಾತು. 1960ರ ದಶಕದಲ್ಲಿ ವಿಲಿಯಂ ಮೆಗ್ವೈರ್ ಇದನ್ನು ಇನ್ನಷ್ಟು ಮುಂದಕ್ಕೆ ಒಯ್ದು, ಎದುರು ವಾದವನ್ನು ಸ್ವಲ್ಪ ಪ್ರಮಾಣದಲ್ಲಿ ಮೊದಲೇ ಕೇಳಿಸಿ ಅದಕ್ಕೆ ಉತ್ತರವನ್ನೂ ಕೊಟ್ಟರೆ, ಲಸಿಕೆ ಹಾಕಿಸಿಕೊಂಡವರಂತೆ ಕೇಳುಗರು ಮುಂದೆ ಬರುವ ದಾಳಿಯನ್ನು ತಡೆದುಕೊಳ್ಳುತ್ತಾರೆ ಎಂದು ತೋರಿಸಿದರು.

ಆದರೆ ಇದನ್ನು ಕಲಿಯಲು ನಾವು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಕಲಬುರಗಿ ಜಿಲ್ಲೆಯ ಮರತೂರಿನವರೆಂದು ನಾವು ಅಭಿಮಾನದಿಂದ ನೆನೆಯುವ ವಿಜ್ಞಾನೇಶ್ವರರು, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದರು. ಆಸ್ತಿಯ ಪಾಲಿನ ಭಾಗಕ್ಕೆ ಬಂದಾಗ ಅವರು ತಮ್ಮ ತೀರ್ಮಾನವನ್ನು ನೇರವಾಗಿ ಹೇಳಿಬಿಡುವುದಿಲ್ಲ. ಪಾಲಾದದ್ದರಿಂದ ಒಡೆತನ ಹುಟ್ಟುತ್ತದೆಯೋ, ಇರುವ ಒಡೆತನವೇ ಪಾಲಾಗುತ್ತದೆಯೋ ಎಂಬ ಪ್ರಶ್ನೆಯನ್ನು ಎತ್ತಿ, ತಾವು ಒಪ್ಪದ ಪಕ್ಷವನ್ನು ಅದರ ಆಧಾರಗಳೊಡನೆ ನಿಲ್ಲಿಸಿ, ಆಮೇಲೆ ಒಂದೊಂದಾಗಿ ಉತ್ತರಿಸುತ್ತ, ಮಗನಿಗೆ ಹುಟ್ಟಿನಿಂದಲೇ ಒಡೆತನ ಎಂಬ ಸಿದ್ಧಾಂತಕ್ಕೆ ಬರುತ್ತಾರೆ. ಎದುರು ಪಕ್ಷವನ್ನು ಹೀಗೆ ತಾನೇ ಮೊದಲು ನಿಲ್ಲಿಸುವುದಕ್ಕೆ ಪೂರ್ವಪಕ್ಷವೆಂದು ಹೆಸರು. ನಮ್ಮ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತನ್ನು ಮೊದಲು ಹುಲ್ಲಿನ ಬೊಂಬೆ ಮಾಡಿ ಆಮೇಲೆ ಸುಡುವ ಚಟ ಬೆಳೆದಿದೆ. ಎದುರು ಪಕ್ಷದವರು ಕೇಳಿ ‘ಹೌದು, ನಾವು ಹೇಳುವುದು ಇದನ್ನೇ’ ಎಂದು ತಲೆದೂಗುವಷ್ಟು ನ್ಯಾಯವಾಗಿ ಪೂರ್ವಪಕ್ಷವನ್ನು ಹೇಳಿದ ವಿದ್ಯಾರ್ಥಿಗೆ ನಾನು ಕಣ್ಣು ಮುಚ್ಚಿ ಹೆಚ್ಚು ಅಂಕ ಕೊಡುತ್ತೇನೆ.

ಆದ್ದರಿಂದ ಯುವಕ ಬೆಲೆಯ ಅಂಕಿಯನ್ನು ತಾನೇ ಎತ್ತಬೇಕು, ಅದೂ ಪೂರ್ತಿಯಾಗಿ. ಆಮೇಲೆ ಉತ್ತರ ಕೊಡಬೇಕು: ತೊಗರಿಯ ಬೆಂಬಲ ಬೆಲೆ ಕೈಗೆ ಬಂದ ಕಾಳಿಗೆ ಸಿಗುವ ಬೆಲೆ, ಹೊಲದಲ್ಲಿ ಒಣಗಿ ನಿಂತ ಗಿಡಕ್ಕೆ ಸಿಗುವ ಬೆಲೆಯಲ್ಲ, ಜೋಳದಿಂದ ಮನೆಗೆ ರೊಟ್ಟಿಯೂ ದನಕ್ಕೆ ಕಣಿಕೆಯೂ ದಕ್ಕುತ್ತವೆ, ತಾನು ಕೇಳುತ್ತಿರುವುದು ಊರಿನ ಎಲ್ಲ ಹೊಲವನ್ನಲ್ಲ, ರೋಗ ಕಂಡ ಹೊಲವನ್ನು ಮಾತ್ರ. ಈ ಕೊನೆಯ ಮಾತಿನ ಬೆಲೆ ದೊಡ್ಡದು. ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದದ ಅಂಗಗಳನ್ನು ಬಿಡಿಸಿ ತೋರಿಸಿದಾಗ ಪ್ರತಿಪಾದನೆ, ಆಧಾರ, ಅವೆರಡನ್ನು ಬೆಸೆಯುವ ನಿಯಮ ಇವುಗಳ ಜೊತೆಗೆ, ಮಾತು ಎಷ್ಟರ ಮಟ್ಟಿಗೆ ನಿಜ ಎಂಬ ಮಿತಿಯನ್ನೂ ಒಂದು ಅಂಗವಾಗಿಯೇ ಎಣಿಸಿದರು. ಮಿತಿ ಹೇಳಿದರೆ ವಾದ ಸಡಿಲವಾಗುತ್ತದೆಂದು ಹೊಸಬರು ಹೆದರುತ್ತಾರೆ. ಕೇಳುಗನ ತಕರಾರಿನಲ್ಲಿ ಮುಕ್ಕಾಲು ಪಾಲು ಕರಗುವುದು ಆ ಮಿತಿಯಿಂದಲೇ. ಎದುರು ಮಾತೇ ಇಲ್ಲದ ಸಭೆಯಲ್ಲಿ, ಉದಾಹರಣೆಗೆ ಆಗಲೇ ಒಪ್ಪಿದ ರೈತರನ್ನು ಕೃಷಿ ಇಲಾಖೆಯ ಕಚೇರಿಗೆ ಕರೆದೊಯ್ಯುವ ಮೊದಲು, ಪೂರ್ವಪಕ್ಷ ಹಿಡಿದು ಕೂರುವುದು ಸಮಯ ಹಾಳು.

ಅಂಕಿ, ಕಥೆ, ಆಳಿನ ಯೋಗ್ಯತೆ

ಅರಿಸ್ಟಾಟಲನು ಮನವೊಲಿಸುವ ಬಗೆಗಳನ್ನು ಮೂರಾಗಿ ಹೇಳಿದ: ಮಾತನಾಡುವವನ ಶೀಲ, ಕೇಳುವವರ ಭಾವ, ಮಾತಿನೊಳಗಿನ ತರ್ಕ. ಮೂರನ್ನೂ ಸಮಪ್ರಮಾಣದಲ್ಲಿ ಬೆರೆಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ನನಗೆ ಅದರಲ್ಲಿ ನಂಬಿಕೆಯಿಲ್ಲ. ಸರ್ಕಾರದ ಮುಂದೆ ನಿಂತಾಗ ಅಂಕಿಯೇ ಮುಂದಾಗಬೇಕು. ಈ ಭಾಗ ಹಿಂದುಳಿದಿದೆ ಎಂದು ದಶಕಗಟ್ಟಲೆ ನೋವಿನಿಂದ ಹೇಳಿದ ಮಾತಿಗೂ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಪಟ್ಟಿ ಮಾಡಿಕೊಟ್ಟ ಮಾತಿಗೂ ಇರುವ ವ್ಯತ್ಯಾಸವನ್ನು ಇಲ್ಲಿನವರು ಬಲ್ಲರು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಬೇಡಿಕೆಯ ಕಾಲದಲ್ಲೂ, ಆಮೇಲೂ, ಕೈಯಲ್ಲಿ ಹಿಡಿದು ತೋರಿಸಲು ಆ ಪಟ್ಟಿ ಇತ್ತು. ಗ್ರಾಮಸಭೆಯಲ್ಲಿ ಅಷ್ಟು ಅಂಕಿ ಬೇಕಿಲ್ಲ, ಎರಡಕ್ಕಿಂತ ಹೆಚ್ಚು ಹೇಳಿದರೆ ಒಂದೂ ಉಳಿಯುವುದಿಲ್ಲ. ಅಲ್ಲಿ ಅಂಕಿಗಿಂತ ಆಳು ಮುಖ್ಯ: ಮಾತನಾಡುವವನು ತನ್ನ ಹೊಲದಲ್ಲಿ ಮೊದಲು ಜೋಳ ಬಿತ್ತಿದ್ದಾನೆಯೇ? ಬಿತ್ತಿಲ್ಲದಿದ್ದರೆ, ಬಿತ್ತಿದ ಪಕ್ಕದೂರಿನ ರೈತರೊಬ್ಬರನ್ನು ಕರೆತಂದು ಐದು ನಿಮಿಷ ಅವರಿಗೆ ಬಿಟ್ಟುಕೊಟ್ಟು ತಾನು ಮೂರು ನಿಮಿಷದಲ್ಲಿ ಮುಗಿಸುವುದು ಜಾಣತನ. ಕಥೆಯನ್ನು ತರುವುದಾದರೆ ಒಂದೇ ತರಬೇಕು, ಮತ್ತು ಅದು ನಿಜವಾಗಿರಬೇಕು; ಸಣ್ಣ ಊರಿನಲ್ಲಿ ಕಟ್ಟುಕಥೆಯ ನಾಯಕನ ಸಂಬಂಧಿಕರು ಸಭೆಯಲ್ಲೇ ಕುಳಿತಿರುತ್ತಾರೆ.

ಯಾವ ಕನ್ನಡ

ಸ್ಪರ್ಧೆಗೆ ಗ್ರಂಥಸ್ಥ ಕನ್ನಡ, ಊರಿಗೆ ಊರಿನ ಕನ್ನಡ ಎಂದರೆ ಸಾಕೆನಿಸಬಹುದು, ಆದರೆ ನಮ್ಮ ಮೂರು ಜಿಲ್ಲೆಗಳಲ್ಲಿ ವಿಷಯ ಅಷ್ಟು ಸರಳವಲ್ಲ. ಬೀದರಿನ ಸಭೆಯಲ್ಲಿ ಮರಾಠಿ ಮತ್ತು ಉರ್ದು ಮನೆಮಾತಿನವರೂ, ಯಾದಗಿರಿಯ ಗಡಿಯ ಊರುಗಳಲ್ಲಿ ತೆಲುಗರೂ ಕುಳಿತಿರುತ್ತಾರೆ. ಅವರೆಲ್ಲರಿಗೂ ತಲುಪುವುದು ಸಂತೆಯ ಕನ್ನಡ: ಚಿಕ್ಕ ವಾಕ್ಯ, ಸಂಸ್ಕೃತದ ಸಮಾಸ ಕಡಿಮೆ, ತಕರಾರು, ಜಮೀನು, ಹಂಗಾಮು ಇಂಥ ಎಲ್ಲರ ಬಾಯಲ್ಲಿರುವ ಪದಗಳು. ‘ಶಿಲೀಂಧ್ರವು ಮಣ್ಣಿನ ಮೂಲಕ ಪ್ರಸರಣಗೊಳ್ಳುತ್ತದೆ’ ಎಂಬುದನ್ನು ‘ಈ ರೋಗ ಮಣ್ಣಾಗೇ ಅದರಿ, ಗಿಡ ಕಿತ್ತಿ ಒಗದ್ರೂ ಹೋಗಂಗಿಲ್ಲ’ ಎಂದರೆ ವಿಜ್ಞಾನ ಕೆಡುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಬೆಳೆದು ಬಂದವರು ಮೆಚ್ಚಿಸಲೆಂದು ನಮ್ಮ ‘ಅದ’, ‘ಖರೆ’ಗಳನ್ನು ಬಾಡಿಗೆಗೆ ತಂದರೆ ಅದು ಅಣಕದಂತೆ ಕೇಳಿಸುತ್ತದೆ. ಅವರು ತಮ್ಮ ಕನ್ನಡದಲ್ಲೇ ನಿಧಾನವಾಗಿ ಮಾತನಾಡುವುದು ಹೆಚ್ಚು ಮರ್ಯಾದೆಯ ನಡೆ.

ಕೈ, ಕಣ್ಣು, ನಿಲುವಿನ ಬಗ್ಗೆ ತರಬೇತಿ ಶಿಬಿರಗಳಲ್ಲಿ ಬೇಕಾದಷ್ಟು ಹೇಳುತ್ತಾರೆ, ನಾನು ಒಂದನ್ನು ಮಾತ್ರ ತಿದ್ದುತ್ತೇನೆ. ಸಂವಹನದಲ್ಲಿ ಪದಗಳ ಪಾಲು ಶೇ. 7, ಧ್ವನಿಯದು 38, ಮುಖಭಾವದ್ದು 55 ಎಂಬ ಲೆಕ್ಕವನ್ನು ಗೋಡೆಗೆ ಹಚ್ಚಿರುವುದನ್ನು ಕಂಡಿದ್ದೇನೆ. ಅದರ ಮೂಲ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಅಧ್ಯಯನಗಳು. ಬಿಡಿ ಪದಗಳನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸಿ, ಮುಖದ ಚಿತ್ರಗಳನ್ನು ತೋರಿಸಿ, ಹೇಳುವವರಿಗೆ ಇಷ್ಟವೋ ಅನಿಷ್ಟವೋ ಎಂದು ಊಹಿಸಲು ಹೇಳಿದ್ದ ಪ್ರಯೋಗ ಅದು. ನೆಟೆ ರೋಗದ ಕಾರಣವನ್ನು ಮುಖಭಾವದಿಂದ ಶೇ. 55ರಷ್ಟು ವಿವರಿಸಲು ಯಾರಿಂದಲೂ ಆಗದು. ಮೈಕನ್ನು ಬಾಯಿಯಿಂದ ಒಂದು ಗೇಣು ದೂರ ಹಿಡಿಯುವುದು, ಏಪ್ರಿಲ್ ತಿಂಗಳ ಮಧ್ಯಾಹ್ನದ ಸಭೆಯಾದರೆ ಎಂಟು ನಿಮಿಷಕ್ಕೆ ಮುಗಿಸುವುದು, ಇವೆರಡು ಆಂಗಿಕಕ್ಕಿಂತ ಹೆಚ್ಚು ಫಲ ಕೊಡುತ್ತವೆ.

ಕೊನೆಯ ವಾಕ್ಯ

ಮುಗಿಸುವಾಗ ಎರಡು ಆಯ್ಕೆಗಳಿವೆ: ಮನಸ್ಸನ್ನು ತಟ್ಟುವ ಕರೆ, ಇಲ್ಲವೇ ಮಾಡಬೇಕಾದ ಒಂದು ಚಿಕ್ಕ ಕೆಲಸ. ಸ್ಪರ್ಧೆಯಲ್ಲಿ, ಜಯಂತಿ ಸಮಾರಂಭಗಳಲ್ಲಿ ಮೊದಲನೆಯದು ಒಪ್ಪುತ್ತದೆ, ಏಕೆಂದರೆ ಅಲ್ಲಿ ಕೇಳುಗ ಮನೆಗೆ ಹೋಗಿ ಏನನ್ನೂ ಮಾಡಬೇಕಾಗಿಲ್ಲ. ಗ್ರಾಮಸಭೆಯಲ್ಲಿ ‘ರೈತರೇ, ಎಚ್ಚರಗೊಳ್ಳಿ’ ಎಂದು ಮುಗಿಸಿದ ಮಾತು ವಂದನಾರ್ಪಣೆಯ ಜೊತೆಗೇ ಮುಗಿದುಹೋಗುತ್ತದೆ. ಈ ಹಂಗಾಮಿನಲ್ಲಿ ಯಾರ ಯಾರ ಹೊಲದಲ್ಲಿ ಗಿಡ ಒಣಗಿತ್ತೋ ಅವರು ಎದ್ದು ಹೋಗುವ ಮೊದಲು ತಮ್ಮ ಸರ್ವೆ ನಂಬರನ್ನು ಈ ವಹಿಯಲ್ಲಿ ಬರೆಸಿರಿ ಎಂದು ಹೇಳಿ, ವಹಿಯನ್ನೂ ಪೆನ್ನನ್ನೂ ಬೆಲೆಯ ತಕರಾರು ಎತ್ತಿದ ಹಿರಿಯರ ಕೈಗೇ ಮೊದಲು ಕೊಡಬೇಕು.